ಸಹಾಯ ಬೇಕು: ಗಂಡ ಖರ್ಚು ಕೊಡುತ್ತಿದ್ದರೆ ಮಗಳಿಗೆ ಸರ್ಕಾರದ ಹಣ ಸಿಗುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಗಂಡನಿಂದ ಬೇರೆಯಾಗಿ, ಮಗಳೊಂದಿಗೆ ಶಿರಸಿಯ ತವರುಮನೆಯಲ್ಲಿದ್ದೇನೆ. ವಿಚ್ಛೇದನ ಆಗಿಲ್ಲ. ಶಾಲೆ, ಔಷಧದ ಖರ್ಚಿನಲ್ಲಿ ಅರ್ಧ ಅವರೇ ಕೊಡುತ್ತಾರೆ. ಆ ಮಟ್ಟಿಗೆ ದೂರುವಂತಿಲ್ಲ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಮಗುವಿನ ಪಾಲನೆಗೆ ಕೊಡುವ ನೆರವು) ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ, ವಿಚ್ಛೇದಿತ ಅಥವಾ ಪರಿತ್ಯಕ್ತ (ಮನೆಯವರು ಕೈಬಿಟ್ಟ) ತಾಯಂದಿರ ಮಕ್ಕಳೂ ಅರ್ಹರು ಎಂದು ತಿಳಿಯಿತು. ಪಟ್ಟಣದಲ್ಲಿ ಆದಾಯದ ಮಿತಿ ವರ್ಷಕ್ಕೆ 96,000; ನನ್ನ ಹೊಲಿಗೆಯ ದುಡಿಮೆ ಅಷ್ಟೂ ಇಲ್ಲ. ಆದರೆ ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಇನ್ನೂ ಕುಮಟಾದ ಅತ್ತೆಮನೆಯಲ್ಲೇ ಇದೆ. ಎರಡು ಬಾರಿ ಘಟ್ಟ ಇಳಿದು ಕಚೇರಿಯಲ್ಲಿ ವಿಚಾರಿಸಿದೆ. 'ಗಂಡ ಹಣ ಕೊಡುವಾಗ ಪರಿತ್ಯಕ್ತೆ ಹೇಗಾಗುತ್ತೀರಿ?' ಎಂದರು ಒಬ್ಬರು, 'ಅರ್ಜಿ ಹಾಕಿ' ಎಂದರು ಇನ್ನೊಬ್ಬರು. ಇತ್ತ ಗಂಡ, ಆ ಹಣ ಬಂದರೆ ತಮ್ಮ ಪಾಲು ಕಡಿಮೆ ಮಾಡುತ್ತಾರಂತೆ!

ಅವರು ಕೊಡುವ ಹಣ ನನ್ನ ಆದಾಯಕ್ಕೆ ಸೇರುತ್ತದೆಯೇ? ವಿಚ್ಛೇದನದ ಆದೇಶವಿಲ್ಲದೆ ಯಾರಿಗಾದರೂ ಮಂಜೂರಾಗಿದ್ದರೆ, ಯಾವ ದಾಖಲೆ ಕೊಟ್ಟಿರಿ?