ಸಹಾಯ ಬೇಕು: ಸಣ್ಣ ರೈತರಿಂದ ನೇರವಾಗಿ ಸಾವಯವ ತರಕಾರಿ ತರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು 18 ಮನೆಯವರು ಸೇರಿ, ಸುತ್ತಮುತ್ತಲಿನ ನಾಲ್ಕೈದು ಸಣ್ಣ ಹಿಡುವಳಿದಾರರಿಂದ ವಾರಕ್ಕೊಮ್ಮೆ ಸಾವಯವ ತರಕಾರಿಯನ್ನು ನೇರವಾಗಿ ತರಿಸಿಕೊಳ್ಳಬೇಕೆಂದಿದ್ದೇವೆ. ಇದರಲ್ಲಿ ಅನುಭವವುಳ್ಳವರ ಸಲಹೆ ಬೇಕಾಗಿದೆ.

ಮುಖ್ಯ ತೊಡಕು ಪ್ರಮಾಣೀಕರಣದ್ದು. ಅರ್ಧ ಎಕರೆಯಲ್ಲಿ ಹತ್ತಾರು ಬಗೆ ಬೆಳೆಯುವವರಿಗೆ ಹೊರಗಿನ ಸಂಸ್ಥೆಯ ತಪಾಸಣಾ ಶುಲ್ಕ ಭಾರವಾಗುತ್ತದೆ. ರಾಸಾಯನಿಕ ಬಿಟ್ಟ ಜಮೀನಿಗೂ ಸಾಮಾನ್ಯವಾಗಿ 2ರಿಂದ 3 ವರ್ಷಗಳ ಪರಿವರ್ತನಾ ಅವಧಿ ಕಳೆಯದೆ ಸಾವಯವವೆಂಬ ಪ್ರಮಾಣಪತ್ರ ಸಿಗುವುದಿಲ್ಲ. ಆದ್ದರಿಂದ ರೈತರೇ ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ, ಗ್ರಾಹಕರನ್ನೂ ಜೊತೆಗೆ ಕರೆದೊಯ್ಯುವ ಸಹಭಾಗಿತ್ವದ ಖಾತರಿ ಪದ್ಧತಿಯೇ ನಮಗೆ ಹೊಂದುವಂತೆ ಕಾಣುತ್ತದೆ. ಅಂಥ ಭೇಟಿಯಲ್ಲಿ ಗೊಬ್ಬರದ ಗುಂಡಿ, ಬೀಜೋಪಚಾರ, ಪಕ್ಕದ ಹೊಲದ ಔಷಧಿ ತೂರಿಬರದಂತೆ ಬಿಟ್ಟ ಅಂಚು, ಇವುಗಳ ಹೊರತು ಇನ್ನೇನನ್ನು ನೋಡಬೇಕು?

ಸಾಗಣೆಯೂ ತಲೆನೋವಾಗಿದೆ. ಕಳೆದ ವಾರ ಮಧ್ಯಾಹ್ನ ಕೊಯ್ದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತಂದ ಸೊಪ್ಪನ್ನು ಬಿಚ್ಚಿದಾಗ ಒಳಗೆ ಕೈಗೆ ತಾಗುವಷ್ಟು ಬಿಸಿಯಿತ್ತು, ನಡುವಿನ ಕಟ್ಟುಗಳು ಹಳದಿಯಾಗಿದ್ದವು. ನಸುಕಿನಲ್ಲೇ ಕೊಯ್ದು, ನೆರಳಿನಲ್ಲಿ ಹರಡಿ, ಗಾಳಿಯಾಡುವ ಕ್ರೇಟುಗಳಿಗೆ ಒದ್ದೆ ಗೋಣಿ ಹೊದಿಸಿ ಕಳುಹಿಸಿದರೆ ಸಾಕೇ?

ಬೆಳೆನಷ್ಟವೆಲ್ಲ ರೈತರ ಮೇಲೆಯೇ ಬೀಳಬಾರದೆಂಬುದು ನಮ್ಮ ನಿಲುವು (ಅಕಾಲದ ಮಳೆ ಅವರ ತಪ್ಪಲ್ಲವಲ್ಲ). ಹಾಗಾಗಿ ಹಂಗಾಮಿನ ಹಣದ ಒಂದು ಪಾಲನ್ನು ಬಿತ್ತನೆಗೆ ಮೊದಲೇ ಕೊಡುವ ಒಪ್ಪಂದ ಮಾಡಿಕೊಂಡವರಿದ್ದರೆ, ಅದರ ಕರಾರಿನ ಮಾದರಿಯನ್ನು ದಯವಿಟ್ಟು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.