ಪದಚರ್ಚೆ: ಹೆಡ್ ಗ್ಯಾಸ್ಕೆಟ್‌ಗೆ ಸೀಲಂಟ್ ‘ಹಚ್ಚುವುದೋ’, ‘ಸವರುವುದೋ’, ‘ಇಡುವುದೋ’?

ಪ್ರಶ್ನೆ

ನಮಸ್ಕಾರ. ಕಾರಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸುವ ಕೈಪಿಡಿಯೊಂದರ ಕನ್ನಡ ಕರಡನ್ನು ತಿದ್ದಬೇಕಾಗಿದೆ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಮತ್ತು ಬ್ಲಾಕ್ (ಸಿಲಿಂಡರುಗಳಿರುವ ಇಂಜಿನ್ನಿನ ಒಡಲು) ನಡುವೆ ಸೋರದಂತೆ ಗ್ಯಾಸ್ಕೆಟ್ ಎಂಬ ತೆಳು ಹಾಳೆಯಿಟ್ಟು ಹೆಡ್ ಕೂರಿಸುವ ಭಾಗದಲ್ಲಿ ಈ ಮೂರು ವಾಕ್ಯಗಳಿವೆ:

‘ಗ್ಯಾಸ್ಕೆಟನ್ನು ಒಣಗಿಸಿ ಅಳವಡಿಸಿ. ಮುಂಭಾಗದ ಜೋಡಣೆಯ ಮೇಲೆ ಮುದ್ರಕದ 3 ಮಿ.ಮೀ. ಮಣಿಯನ್ನು ಅನ್ವಯಿಸಿ. ಮುದ್ರಕವು ಗುಣವಾಗುವವರೆಗೆ ಇಂಜಿನ್ ಚಾಲೂ ಮಾಡಬೇಡಿ.’

ಸೋರದಂತೆ ಸಂದು ಮುಚ್ಚುವ ಪೇಸ್ಟ್, ಅಂದರೆ ಸೀಲಂಟ್‌ಗೆ ‘ಮುದ್ರಕ’ ಎನ್ನಬಹುದೇ? ಹಚ್ಚು, ಸವರು, ಬಳಿ, ಮೆತ್ತು ಇವುಗಳಲ್ಲಿ ಯಾವುದು ಸರಿ? ‘ಒಣಗಿಸಿ’ ಎಂಬಲ್ಲಿ ಅರ್ಥವೇ ತಪ್ಪಿದಂತಿದೆ. ಅಷ್ಟಕ್ಕೂ ಹೆಡ್ ಗ್ಯಾಸ್ಕೆಟ್‌ಗೆ ಪೇಸ್ಟ್ ಬೇಕೋ ಬೇಡವೋ ಎಂಬುದೇ ಈ ಕರಡಿನಿಂದ ತಿಳಿಯುತ್ತಿಲ್ಲ.

ಉತ್ತರ 1

ಮುದ್ರಕ ಎಂದರೆ ಅಚ್ಚು ಹಾಕುವವರು. ಮುದ್ರೆ, ಮೊಹರು ಎರಡೂ ಗುರುತು ಒತ್ತುವ ಮಾತುಗಳು; ಸೋರದಂತೆ ಸಂದು ಮುಚ್ಚುವ ಅರ್ಥ ಅವಕ್ಕಿಲ್ಲ. ಕೆಲಸ ಮಾಡುವವರ ಬಾಯಲ್ಲಿ ‘ಗ್ಯಾಸ್ಕೆಟ್ ಪೇಸ್ಟ್’, ‘ಸೀಲಂಟ್’ ಎರಡೂ ನೆಲೆಯಾಗಿವೆ, ಅವನ್ನೇ ಉಳಿಸಿಕೊಳ್ಳಿ. ಇಲ್ಲಿ ನಾಮಪದಕ್ಕಿಂತ ಕ್ರಿಯಾಪದದ ಮೇಲೆ ಹೆಚ್ಚು ನಿಗಾ ಬೇಕು. ಕ್ರಿಯಾಪದ ತಪ್ಪಿದರೆ ಇಂಜಿನ್ ಕೆಡುತ್ತದೆ.

‘ಒಣಗಿಸಿ ಅಳವಡಿಸಿ’ ಎಂದರೆ ಓದಿದವರು ಗ್ಯಾಸ್ಕೆಟನ್ನು ಬಿಸಿಲಿಗಿಟ್ಟಾರು, ಇಲ್ಲವೇ ಪೇಸ್ಟ್ ಹಚ್ಚಿ ಅದು ಒಣಗಲೆಂದು ಕಾದಾರು. ಇಂಗ್ಲಿಷಿನ ‘ಡ್ರೈ’ ಎಂಬ ಮಾತಿನ ಇಂಗಿತ ಇಲ್ಲಿ ‘ಏನೂ ಹಚ್ಚದೆ ಹಾಗೆಯೇ ಕೂರಿಸಿ’ ಎಂದು. ಈಗಿನ ಬಹುಪಾಲು ಇಂಜಿನ್‌ಗಳಲ್ಲಿರುವುದು ಎಂಎಲ್‌ಎಸ್ (ಮಲ್ಟಿ ಲೇಯರ್ ಸ್ಟೀಲ್) ಗ್ಯಾಸ್ಕೆಟ್: ತೆಳು ಸ್ಪ್ರಿಂಗ್ ಉಕ್ಕಿನ ಹಲವು ಪದರ, ಪ್ರತಿ ಸಿಲಿಂಡರಿನ ಸುತ್ತ ಒತ್ತಿ ಎಬ್ಬಿಸಿದ ಉಬ್ಬು, ಹೊರಮೈಗೆ ಬಲು ತೆಳುವಾದ ರಬ್ಬರ್ ಲೇಪ. ಬೋಲ್ಟ್ ಬಿಗಿದಾಗ ಆ ಉಬ್ಬು ಸ್ಪ್ರಿಂಗಿನಂತೆ ಅಮುಕಿಕೊಂಡು ಹೆಡ್ಡನ್ನೂ ಬ್ಲಾಕನ್ನೂ ಒತ್ತಿ ಹಿಡಿಯುತ್ತದೆ. ಲೋಹದ ಸಣ್ಣ ಗೀರುಗಳನ್ನು ರಬ್ಬರ್ ಲೇಪ ತುಂಬುತ್ತದೆ. ಸೀಲಂಟ್ ಮಾಡಬೇಕಾದ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಿರುತ್ತಾರೆ.

ಅದರ ಮೇಲೆ ಆರ್‌ಟಿವಿ ಸಿಲಿಕೋನ್ (ಕೋಣೆಯ ತಾಪದಲ್ಲೇ ಗಟ್ಟಿಯಾಗುವ ಸೀಲಂಟ್) ಮೆತ್ತಿದರೆ ಏನಾಗುತ್ತದೆ? ಟ್ಯೂಬಿನಿಂದ ಹಿಂಡಿದ 3 ಮಿ.ಮೀ. ಎಳೆ, ಹೆಡ್ ಕೆಳಗಿಳಿಯುತ್ತಿದ್ದಂತೆ ಚಪ್ಪಟೆಯಾಗಿ ಎರಡೂ ಕಡೆ ಹರಿಯುತ್ತದೆ. ಹೊರಗೆ ಕಾಣುವ ಅಂಚಿನಷ್ಟೇ ಅಂಚು ಒಳಗೂ ಏಳುತ್ತದೆ. ಹೊರಗಿನದನ್ನು ಬಟ್ಟೆಯಿಂದ ಒರೆಸಬಹುದು, ಒಳಗಿನದಕ್ಕೆ ಕೈ ಎಟುಕದು. ಅದು ಗಟ್ಟಿಯಾಗಿ, ಎಣ್ಣೆಯ ಓಟಕ್ಕೆ ಚೂರುಚೂರಾಗಿ ಕಿತ್ತು, ಎಣ್ಣೆ ಪಂಪಿನ ಜಾಲರಿಯಲ್ಲೋ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಎಣ್ಣೆ ಏರುವ ಕಿರಿದಾದ ರಂಧ್ರದಲ್ಲೋ ಕೂರುತ್ತದೆ. ಸಿಲಿಂಡರಿನ ಅಂಚಿನಲ್ಲಂತೂ ಸಿಲಿಕೋನ್ ನಿಲ್ಲುವುದೇ ಇಲ್ಲ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಉರಿಯುವ ಅನಿಲದ ಶಾಖ ಅದರ ತಾಳಿಕೆಗೆ ಎಷ್ಟೋ ಪಟ್ಟು ಮೀರಿದ್ದು. ಪೇಸ್ಟ್ ಸುಟ್ಟು ಜಾಗ ಖಾಲಿಯಾದಾಗ ಬೋಲ್ಟಿನ ಬಿಗಿ ಅಷ್ಟೇ ಸಡಿಲಿ, ಗ್ಯಾಸ್ಕೆಟ್ ಅಲ್ಲಿಂದಲೇ ಹೋಗುತ್ತದೆ.

ಹಾಗಾದರೆ ಕರಡಿನ ಎರಡನೆಯ ವಾಕ್ಯ ಯಾಕಿದೆ? ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಕವರ್ (ಇಂಜಿನ್ನಿನ ಮುಂಭಾಗದ ಮುಚ್ಚಳ) ಮತ್ತು ಬ್ಲಾಕ್ ಸೇರುವ ಗೆರೆಯ ಮೇಲೆಯೇ ಹೆಡ್ ಗ್ಯಾಸ್ಕೆಟ್ ಹಾದುಹೋಗುತ್ತದೆ. ಮೂರು ಭಾಗ ಕೂಡುವ ಆ ಸಂದಿನಲ್ಲಿ ಕೂದಲೆಳೆಯ ಬಿರುಕು ಉಳಿಯುವುದರಿಂದ ಅಲ್ಲಿ ಮಾತ್ರ ಒಂದು ಬೊಟ್ಟು ಸೀಲಂಟ್ ಕೇಳುತ್ತಾರೆ. ಇದಕ್ಕೆ ‘ಬೊಟ್ಟು ಇಡಿ’ ಎನ್ನುವುದೇ ಸರಿ. ಬೊಟ್ಟು ಎಂದ ಕೂಡಲೇ ಎಷ್ಟು, ಎಲ್ಲಿ ಎರಡೂ ಓದುಗರಿಗೆ ತಿಳಿಯುತ್ತದೆ. ಇಂಗ್ಲಿಷಿನ ‘ಬೀಡ್’ ಅನ್ನು ಪದಕ್ಕೆ ಪದ ತಂದ ‘ಮಣಿ’ ಬೇಡ. ಉದ್ದಕ್ಕೆ ಹಿಂಡುವ ಕಡೆ, ಅಂದರೆ ಆಯಿಲ್ ಪ್ಯಾನಿನ ಅಂಚಿನಂಥಲ್ಲಿ, ‘ಎಳೆ ಎಳೆಯಿರಿ’ ಎಂದು ಬರೆಯಿರಿ.

‘ಸವರು’ ಎಂಬುದಕ್ಕೂ ಜಾಗವಿದೆ. ತಾಮ್ರದ ಗ್ಯಾಸ್ಕೆಟ್‌ಗೆ, ಒಂದೇ ಪದರದ ಹಳೆಯ ಉಕ್ಕಿನ ಗ್ಯಾಸ್ಕೆಟ್‌ಗೆ ರಬ್ಬರ್ ಲೇಪವಿಲ್ಲ. ಅನಿಲವನ್ನು ಹಿಡಿದರೂ ನೀರಿನ ರಂಧ್ರದ ಸುತ್ತ ಅವು ಜಿನುಗುತ್ತವೆ. ಅವಕ್ಕೆ ತಾಮ್ರದ ಪುಡಿಯಿರುವ ಸ್ಪ್ರೇಯನ್ನು ಎರಡೂ ಮೈಗೆ ಸವರಿದಂತೆ ತೆಳ್ಳಗೆ ಹೊಡೆಯುವುದು ರೂಢಿ. ಗ್ರಾಫೈಟ್ ಮುಖದ ಗ್ಯಾಸ್ಕೆಟನ್ನು ಸಾಮಾನ್ಯವಾಗಿ ಹಾಗೆಯೇ ಕೂರಿಸುತ್ತಾರೆ. ಮೆತ್ತು, ಬಳಿ ಎಂಬ ಮಾತುಗಳು ದಪ್ಪದ ಕಲ್ಪನೆ ತರುತ್ತವೆ. ಹೆಡ್ ಗ್ಯಾಸ್ಕೆಟ್ ಅಧ್ಯಾಯದಲ್ಲಿ ಅವೆರಡೂ ಎಲ್ಲಿಯೂ ಬರಬಾರದು.

ಉತ್ತರ 2

ಇಂಗ್ಲಿಷಿನ ‘ಕ್ಯೂರ್’ಗೆ ಇಲ್ಲಿ ‘ಗುಣವಾಗು’ ತಪ್ಪು ಎಂಬುದರಲ್ಲಿ ಅನುಮಾನವಿಲ್ಲ. ಅದರ ಬದಲು ಹಲವರು ಬರೆಯುವ ‘ಒಣಗು’ ಕೂಡ ಇಲ್ಲಿ ಹೊಂದುವುದಿಲ್ಲ. ಒಣಗುವುದೆಂದರೆ ತೇವ ಹೋಗುವುದು. ಆರ್‌ಟಿವಿ ಸಿಲಿಕೋನ್ ಗಾಳಿಯ ತೇವವನ್ನು ಹೀರಿಕೊಂಡೇ ಗಟ್ಟಿಯಾಗುತ್ತದೆ. ಒಣಗಲೆಂದು ಬಿಸಿಗಾಳಿ ಬಿಟ್ಟರೆ ಕೆಲಸ ಬೇಗ ಆಗುವುದಿಲ್ಲ. ‘ಬಲಿಯುವವರೆಗೆ’ ಎಂಬುದು ನನಗೆ ಒಪ್ಪುವ ಮಾತು: ಕಾಯಿ ಬಲಿಯುವಂತೆ ಇದೂ ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಮೊದಲು ಮೇಲೆ ಪೊರೆ ಕಟ್ಟುತ್ತದೆ, ಒಳಗಿನವರೆಗೆ ಬಲಿಯಲು ಸಾಮಾನ್ಯವಾಗಿ 24 ಗಂಟೆ ಬೇಕು. ‘ಪೊರೆ ಕಟ್ಟುವ ಮುನ್ನ ಹೆಡ್ ಕೂರಿಸಿ’ ಎಂಬ ವಾಕ್ಯವನ್ನೂ ಸೇರಿಸಿ. ಪೊರೆ ಕಟ್ಟಿದ ಮೇಲೆ ಒತ್ತಿದರೆ ಅದು ಲೋಹಕ್ಕೆ ಅಂಟುವುದಿಲ್ಲ. ಗಾಳಿಯಿಲ್ಲದೆ ಲೋಹದ ನಡುವೆ ಮಾತ್ರ ಬಲಿಯುವ ಅನೇರೋಬಿಕ್ ಸೀಲಂಟ್ ಬೇರೆ ಜಾತಿ. ಹೊರಗೆ ಉಕ್ಕಿದ್ದು ಹಸಿಯಾಗಿಯೇ ಉಳಿಯುತ್ತದೆ, ಹಾಗಾಗಿ ಅದಕ್ಕೆ ‘ಒಣಗು’ ಇನ್ನೂ ಸಲ್ಲದು.

ಇನ್ನೊಂದು ಕ್ರಿಯಾಪದದ ಬಗ್ಗೆ ಎಚ್ಚರಿಕೆ. ಹೆಡ್ಡಿನ ಮೈ ‘ಉಜ್ಜಿ’ ಎಂದು ಕರಡಿನಲ್ಲಿದ್ದರೆ ತೆಗೆಯಿರಿ. ಉಜ್ಜಿ ಎಂದರೆ ಉಪ್ಪುಕಾಗದವೋ ತಿರುಗುವ ಉಜ್ಜುಚಕ್ರವೋ ಬರುತ್ತದೆ. ಅದು ಅಲ್ಯೂಮಿನಿಯಂ ಮೈಯಲ್ಲಿ ತಗ್ಗು ಮಾಡುತ್ತದೆ, ಅದರ ಹರಳುಪುಡಿ ಎಣ್ಣೆಗಿಳಿದು ಬೇರಿಂಗುಗಳನ್ನು ತಿನ್ನುತ್ತದೆ. ಬರೆಯಬೇಕಾದ್ದು ‘ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಬ್ರೇಕ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ’. ನೇರಪಟ್ಟಿ ಇಟ್ಟು ನೋಡಿದಾಗ ಬಹಳಷ್ಟು ಇಂಜಿನ್‌ಗಳಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಅಡಿಯಲ್ಲಿ ನುಸುಳಬಾರದು. ಆದರೆ ಆಯಾ ಇಂಜಿನ್ನಿನ ಕೈಪಿಡಿ ಕೊಟ್ಟ ಅಂಕಿಯೇ ಅಂತಿಮ. ಮೈ ಡೊಂಕಾಗಿದ್ದರೆ ಹೆಡ್ಡನ್ನು ಮೆಷಿನಿಗೆ ಹಾಕಿಸಬೇಕು, ಪೇಸ್ಟಿನಿಂದ ಡೊಂಕು ಮುಚ್ಚುವುದಿಲ್ಲ.

ಬೋಲ್ಟುಗಳ ವಿಷಯದಲ್ಲಿ ‘ಸೀಲಂಟ್ ಹಚ್ಚಿ’ ಎಂಬುದು ನಿಜವಾಗಿ ಬರುತ್ತದೆ. ತೂತು ನೀರಿನ ಕೋಶಕ್ಕೆ ತೆರೆದುಕೊಂಡಿದ್ದರೆ ಬೋಲ್ಟಿನ ಥ್ರೆಡ್ಡಿಗೆ (ತಿರುಪಿನ ಗೆರೆಗಳಿಗೆ) ಥ್ರೆಡ್ ಸೀಲಂಟ್ ಹಚ್ಚಬೇಕು, ಇಲ್ಲದಿದ್ದರೆ ಥ್ರೆಡ್ಡಿನ ಗುಂಟ ನೀರು ಮೇಲೇರುತ್ತದೆ. ತಳ ಮುಚ್ಚಿದ ತೂತಾದರೆ ಒಳಗೆ ಎಣ್ಣೆಯಾಗಲಿ ನೀರಾಗಲಿ ಉಳಿಯಬಾರದು. ಬೋಲ್ಟ್ ಇಳಿದಂತೆ ದ್ರವ ಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳೀತು. ‘ಬಿಗಿಯಿರಿ’ ಮತ್ತು ‘ತಿರುಗಿಸಿ’ ಇವೆರಡನ್ನು ಬೆರೆಸಬೇಡಿ: ಮೊದಲ ಹಂತಗಳು ನ್ಯೂಟನ್ ಮೀಟರಿನಲ್ಲಿ (ತಿರುಚುವ ಬಲದ ಅಳತೆಯಲ್ಲಿ) ಬಿಗಿಯುವುದು, ಕೊನೆಯದು 90 ಡಿಗ್ರಿಯಂಥ ಕೋನದಷ್ಟು ತಿರುಗಿಸುವುದು. ಹೀಗೆ ಹಿಗ್ಗಿಸಿ ಬಿಗಿಯುವ ಬೋಲ್ಟನ್ನು ಸಾಮಾನ್ಯವಾಗಿ ಮತ್ತೆ ಬಳಸಬಾರದು.

ಮೂರೂ ವಾಕ್ಯಗಳನ್ನು ಹೀಗೆ ತಿದ್ದಬಹುದು:

‘ಗ್ಯಾಸ್ಕೆಟ್‌ಗೆ ಏನನ್ನೂ ಹಚ್ಚದೆ ಹಾಗೆಯೇ ಕೂರಿಸಿ. ಟೈಮಿಂಗ್ ಕವರ್ ಮತ್ತು ಬ್ಲಾಕ್ ಸೇರುವ ಸಂದಿನ ಮೇಲೆ ಮಾತ್ರ 3 ಮಿ.ಮೀ. ಅಗಲದ ಒಂದು ಬೊಟ್ಟು ಸೀಲಂಟ್ ಇಡಿ. ಸೀಲಂಟ್ ಪೂರ್ತಿ ಬಲಿಯುವವರೆಗೆ ಇಂಜಿನ್ ಚಾಲೂ ಮಾಡಬೇಡಿ.’

ದೋಷಗಳ ಪಟ್ಟಿಯಲ್ಲಿ ಎಲ್ಲಾದರೂ ‘ಗ್ಯಾಸ್ಕೆಟ್ ಸ್ಫೋಟಗೊಂಡಿದೆ’ ಎಂದಿದ್ದರೆ ಅದನ್ನೂ ‘ಗ್ಯಾಸ್ಕೆಟ್ ಹೋಗಿದೆ’ ಎಂದು ಮಾಡಿ. ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುವುದು ಅದರ ಗುರುತು.