ಸಹಾಯ ಬೇಕು: ವಾಟ್ಸ್ಆ್ಯಪ್ ಬಿಡದೆ ರಾತ್ರಿಯ ರೀಲ್ಸ್ ಬಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಮಕ್ಕಳಿಗೆ "ಮೊಬೈಲ್ ಕೆಳಗಿಡಿ" ಎಂದು ಗದರಿಸುವವಳೇ ಈಗ ಸಿಕ್ಕಿಬಿದ್ದಿದ್ದೇನೆ.

ರಾತ್ರಿ ಹತ್ತಕ್ಕೆ, ಮರುದಿನದ ಸಾರಿಗೆ ಕಾಳು ನೆನೆಹಾಕಿ, ಐದೇ ನಿಮಿಷ ಎಂದುಕೊಂಡು ಇನ್‌ಸ್ಟಾಗ್ರಾಂ ತೆರೆಯುತ್ತೇನೆ. ತಲೆ ಎತ್ತಿದರೆ ಹನ್ನೆರಡೂವರೆ. ಯಾರದೋ ಗೃಹಪ್ರವೇಶ, ಯಾರದೋ ಬಾಲಿ ಪ್ರವಾಸ. ನೋಡಿ ಮುಗಿಸುವ ಹೊತ್ತಿಗೆ ನಮ್ಮ ಮನೆಯ ಗೋಡೆಯ ಬಣ್ಣವೂ ಸಪ್ಪೆ ಎನಿಸುತ್ತದೆ. ಬೆಳಿಗ್ಗೆ ಎದ್ದರೆ ವಿನಾಕಾರಣ ಸಿಡಿಮಿಡಿ.

ಆ್ಯಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಇನ್‌ಸ್ಟಾಗ್ರಾಂಗೆ 30 ನಿಮಿಷದ ಮಿತಿ ಹಾಕಿದೆ. ಬೀಗ ಹಾಕಿದವಳ ಸೆರಗಿನಲ್ಲೇ ಬೀಗದ ಕೈ. ಮೂರನೇ ದಿನ ಮಿತಿಯನ್ನೇ ತೆಗೆದೆ. ಪರದೆಯನ್ನು ಕಪ್ಪು ಬಿಳುಪು ಮಾಡಿದ್ದು ಒಂದು ವಾರ ನಡೆಯಿತು. ಆ್ಯಪ್ ಅಳಿಸಿದೆ, ಕ್ರೋಮ್‌ನಲ್ಲಿ ತೆರೆದೆ. ಅದನ್ನೂ ಬಿಟ್ಟಾಗ ಬೆರಳು ತಾನಾಗಿ ಯೂಟ್ಯೂಬ್ ಶಾರ್ಟ್ಸ್‌ಗೆ ಹೋಯಿತು!

ಮೊಬೈಲ್ ಆರಿಸಿ ಮಲಗು ಎನ್ನುತ್ತಾರೆ ಯಜಮಾನರು. ಊರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಅಪರಾತ್ರಿಯಲ್ಲಿ ಕರೆ ಮಾಡಿದರೆ? ಶಾಲೆಯ ಸೂಚನೆಗಳೆಲ್ಲ ಬರುವುದು ವಾಟ್ಸ್ಆ್ಯಪ್‌ನಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ, ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ ಎಂದು ಗೊತ್ತು. ಎರಡೂವರೆ ಗಂಟೆಯ ರೀಲ್ಸ್‌ಗಾಗಿ ಅಲ್ಲಿಯವರೆಗೆ ಹೋಗುವುದು ಅತಿಯಾಯಿತೇನೋ ಎಂಬ ಸಂಕೋಚ.

ಕರೆ ಮತ್ತು ವಾಟ್ಸ್ಆ್ಯಪ್ ಉಳಿಸಿಕೊಂಡು ರಾತ್ರಿಯ ರೀಲ್ಸ್ ಮಾತ್ರ ನಿಲ್ಲಿಸಿದವರು ಇಲ್ಲಿ ಇದ್ದೀರಾ? ಕನಿಷ್ಠ ಮೂರು ತಿಂಗಳಾದರೂ ನಿಮಗೆ ಕೈಕೊಡದೆ ನಡೆದ ಉಪಾಯ ಯಾವುದು?